ಮೀಸೆಯ ಕೋತಿಯೂ ಅಪ್ಪನ ಕೆಮ್ಮೂ

ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ನೀವೇ ಕಂಡುಹಿಡಿದು ಬೈಯುವುದಕ್ಕಿಂತ ಈಗಲೇ ಬೈಸಿಕೊಂಡು ಕೂತರೆ ಇಬ್ಬರಿಗೂ ಆರಾಮ. ಒಂದು ಭಾನುವಾರ ಮಧ್ಯಾಹ್ನ ನಮ್ಮಪ್ಪ ತನ್ನದೇ ಮನೆಯ ಹೊರಗೆ, ತಾನೇ ಕೂರಿಸಿದ ಹೊಸ್ತಿಲಿನ ಮುಂದೆ, ಬಿಸಿಲಿನಲ್ಲಿ ನಿಂತು ಕೆಮ್ಮಿ ಕೆಮ್ಮಿ ಸುಸ್ತಾದ, ಒಳಗೆ ಬರಲಾಗಲಿಲ್ಲ. ಬಾಗಿಲು ತೆರೆದೇ ಇತ್ತು. ಆರೋಗ್ಯವೂ ನೆಟ್ಟಗಿತ್ತು. ನಿಜ ಹೇಳಬೇಕೆಂದರೆ ಅವನಿಗೆ ಕೆಮ್ಮೇ ಇರಲಿಲ್ಲ. ಆದರೂ ಹೀಗಾಯಿತು, ಅದಕ್ಕೆ ಕಾರಣ ನಾನು. ನನ್ನ ಜೊತೆಗೆ ಇನ್ನೊಂದು ಪ್ರಾಣಿಯೂ ಇದೆ; ಆದರೆ ಅದು ಅಮೆಜಾನ್ ಕಾಡಿನಲ್ಲಿ ಇರುವುದರಿಂದ ಆಂಧ್ರದ ಅಂಚಿನ ನಮ್ಮ ಕೌತಾಳಂ ಕಡೆಯ ಬೈಗುಳ ಅಲ್ಲಿಯವರೆಗೆ ಹೋಗಿ ಮುಟ್ಟುವುದಿಲ್ಲ. ಹಾಗಾಗಿ ಅದರ ಪಾಲಿನದೂ ನನಗೇ ಬಂತು.

ನನಗೊಂದು ಕಾಯಿಲೆ ಇದೆ. ಯಾರ ಜೊತೆ ಸ್ವಲ್ಪ ಹೊತ್ತು ಕೂತರೂ ಅವರ ದನಿ ನನ್ನ ಗಂಟಲಿಗೆ ಅಂಟಿಕೊಳ್ಳುತ್ತದೆ. ಕೌತಾಳಂನಿಂದ ಆದೋನಿಗೆ ಹೋಗುವ ಬಸ್ಸಿನ ಕಂಡಕ್ಟರ್ ಮೂಗಿನಿಂದ ಟಿಕೆಟ್ ಕೇಳುತ್ತಾನೆ. ನಾನು ಹಿಂದಿನ ಸೀಟಿನಿಂದ ಅದೇ ಮೂಗಿನಲ್ಲಿ ಕೇಳಿದರೆ ಜನ ನನ್ನ ಕಡೆ ಚಿಲ್ಲರೆ ಚಾಚುತ್ತಾರೆ. ಹತ್ತಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವವನು ಬಾಯಲ್ಲಿ ಬಿಸಿ ಮಿರ್ಚಿ ಬಜ್ಜಿ ಇಟ್ಟುಕೊಂಡವನ ಹಾಗೆ ರೇಟು ಕೂಗುತ್ತಾನೆ, ಅದೂ ಬರುತ್ತದೆ. ನಾನು ಪಾಠ ಹೇಳುವ ಕೋಚಿಂಗ್ ಸೆಂಟರಿನ ಡೈರೆಕ್ಟರು ಪ್ರತಿ ವಾಕ್ಯದ ಮುಂದೆ ‘ಆಕ್ಚುವಲೀ’ ಎಂದು ಒಂದು ಗೂಟ ನೆಟ್ಟು ಆಮೇಲೆ ಮಾತನ್ನು ಅದಕ್ಕೆ ಕಟ್ಟುತ್ತಾರೆ. ಅದಂತೂ ನನಗೆ ನಿದ್ದೆಯಲ್ಲೂ ಬರುತ್ತದೆ. ಬಾರದಿರುವ ದನಿ ಒಂದೇ, ನನ್ನದು. ಒಮ್ಮೆ ಕ್ಲಾಸಿನೊಳಗೆ ಕಾಲಿಡುವಾಗ ಯಾರೋ ಒಂದು ಕೀಚಲು ದನಿಯಲ್ಲಿ ಕಪ್ಪೆಯ ಹೃದಯದ ಬಗ್ಗೆ ಒಂದು ತಪ್ಪನ್ನು ಭಾರೀ ಆತ್ಮವಿಶ್ವಾಸದಿಂದ ಹೇಳುತ್ತಿದ್ದರು. ಯಾರಪ್ಪ ಈ ಅರೆಬೆಂದ ಮನುಷ್ಯ ಅಂದುಕೊಂಡೆ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ನನ್ನನ್ನೇ ಆಡಿ ತೋರಿಸುತ್ತಿದ್ದಳು. ಬೆನ್ನು ತಟ್ಟಿದೆ. ತಪ್ಪು ಕೂಡ ಸರಿಯಾಗಿ ನನ್ನದೇ ಆಗಿತ್ತು.

ಹೌದು, ನಾನು ಆದೋನಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಪುಸ್ತಕದ ಭಾಷೆ ಇಂಗ್ಲಿಷು, ಪಾಠದ ಭಾಷೆ ತೆಲುಗು, ಜೋಕಿನ ಭಾಷೆ ಕನ್ನಡ, ಬೈಯುವುದಕ್ಕೆ ದಖನಿ ಉರ್ದು. ಇಷ್ಟೂ ಸಾಲದೇ ಹೋದಾಗ ಪ್ರಾಣಿಯ ಭಾಷೆ. ಆನೆ ಪಾಠಕ್ಕೆ ಬಂದರೆ ತೋಳು ಸೊಂಡಿಲು, ಕಾಂಗರೂ ಬಂದರೆ ಶರ್ಟಿನ ಜೇಬಿನಲ್ಲಿ ಡಸ್ಟರು. ಪರೀಕ್ಷೆಗೆ ಇದರಿಂದ ಏನು ಉಪಯೋಗ ಎಂದು ಡೈರೆಕ್ಟರು ಆಕ್ಚುವಲೀ ಕೇಳಿದ್ದಾರೆ. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಹೀಗೆ ಒಂದು ದಿನ ಪಾಠಕ್ಕೆಂದು ಚಿತ್ರ ಹುಡುಕುವಾಗ ಫೋನಿನ ಪರದೆಯ ಮೇಲೆ ನಮ್ಮಪ್ಪ ಕಾಣಿಸಿಕೊಂಡ. ಅದೇ ಮೀಸೆ! ಮೂಗಿನ ಕೆಳಗಿನಿಂದ ಹೊರಟು, ಎರಡೂ ಕೆನ್ನೆ ದಾಟಿ, ಎದೆಯ ಕಡೆಗೆ ಬಿಳಿ ಜಲಪಾತದ ಹಾಗೆ ಇಳಿದ ಮೀಸೆ. ಅದೇ ಸಿಡುಕು ಮುಖ. ಯಾರೋ ತನ್ನ ಕುರಿ ಎಣಿಸುತ್ತಿದ್ದಾರೆ ಎಂಬ ಅನುಮಾನದ ಅದೇ ನೋಟ. ಒಂದೇ ವ್ಯತ್ಯಾಸ, ಬಾಲ. ಅದೂ ಮೈಗಿಂತ ಉದ್ದದ್ದು. ಚಿತ್ರದ ಕೆಳಗೆ ಹೆಸರು ಬರೆದಿತ್ತು: ಎಂಪರರ್ ಟ್ಯಾಮರಿನ್, ಎಂದರೆ ಚಕ್ರವರ್ತಿ ಟ್ಯಾಮರಿನ್. ಅಮೆಜಾನಿನ ಮಳೆಕಾಡಿನಲ್ಲಿ ಮರದ ಮೇಲೆಯೇ ಹುಟ್ಟಿ, ಮರದ ಮೇಲೆಯೇ ಮುದುಕನಾಗುವ ಪುಟ್ಟ ಕೋತಿ. ಪುಟ್ಟದು ಎಂದರೆ ಎಷ್ಟು ಪುಟ್ಟದು? ನಮ್ಮವ್ವ ರೊಟ್ಟಿ ಹಿಟ್ಟು ಮುಚ್ಚಿಡುವ ಬುಟ್ಟಿಯಲ್ಲಿ ಇಡೀ ಸಂಸಾರ ಹಿಡಿಸುತ್ತದೆ, ಬಾಲಗಳು ಮಾತ್ರ ಹೊರಗೆ.

ಆ ಮೀಸೆಗೆ ಒಂದು ಕಥೆ ಹೇಳುತ್ತಾರೆ. ಎಲ್ಲೋ ಒಬ್ಬ ಚಕ್ರವರ್ತಿಯ ಭಾರೀ ಮೀಸೆ ನೆನಪಾಗಿ ತಮಾಷೆಗೆ ಇಟ್ಟ ಹೆಸರಂತೆ ಅದು. ಸತ್ತ ಕೋತಿಗೆ ಹುಲ್ಲು ತುಂಬಿ ನಿಲ್ಲಿಸುವವರು ಬದುಕಿದ ಕೋತಿಯನ್ನು ನೋಡಿರಲಿಲ್ಲವಾದ್ದರಿಂದ, ಹೆಸರಿಗೆ ತಕ್ಕಂತೆ ಮೀಸೆಯನ್ನು ಮೇಲಕ್ಕೆ ತಿರುವಿ ಬಿಟ್ಟರಂತೆ. ಪಾಪ, ಕಾಡಿನಲ್ಲಿ ಅದರ ಮೀಸೆ ಕೆಳಗೇ ಇಳಿಬಿದ್ದಿರುತ್ತದೆ. ದೊಡ್ಡ ಹೆಸರು ಇಟ್ಟುಕೊಂಡರೆ ಸತ್ತ ಮೇಲೂ ಮೀಸೆ ತಿರುವಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಸಂಗತಿ ಹೇಳಿದರೆ ನಮ್ಮೂರಿನ ಕಟ್ಟೆಯ ಮೇಲಿನ ಮೀಸೆಗಳೆಲ್ಲ ನೊಂದುಕೊಳ್ಳುತ್ತವೆ: ಈ ಜಾತಿಯಲ್ಲಿ ಗಂಡಿಗೂ ಮೀಸೆ, ಹೆಣ್ಣಿಗೂ ಮೀಸೆ. ಮೀಸೆ ತೋರಿಸಿ ಹೆದರಿಸುವ ವ್ಯವಹಾರವೇ ಅಲ್ಲಿಲ್ಲ.

ಬದುಕು ಹೇಗೆ ಎಂದರೆ, ಬೆಳಿಗ್ಗೆ ಬಿಸಿಲು ಎಲೆಗಳಿಗೆ ತಾಗಿದ ಮೇಲೆ ಏಳುವುದು. ಹಣ್ಣು ಹುಡುಕುವುದು, ಹೂವಿನ ಜೇನು ನೆಕ್ಕುವುದು, ಮರದ ಅಂಟು ಸಿಕ್ಕಿದರೆ ಅದು. ಚಿಕ್ಕಂದಿನಲ್ಲಿ ನಾವು ಜಾಲಿ ಮರದ ಅಂಟು ಕಿತ್ತು ಬಾಯಿಗೆ ಹಾಕಿಕೊಂಡು ತಿರುಗಿದವರು, ಆ ರುಚಿಯ ಬಗ್ಗೆ ನನಗೆ ಟ್ಯಾಮರಿನ್ ಪಾಠ ಮಾಡಬೇಕಾಗಿಲ್ಲ. ಎಲೆಯ ಹಿಂದೆ ಮಿಡತೆ ಕಂಡರೆ ಹಣ್ಣನ್ನು ಮರೆತು ಅದರ ಮೇಲೆ ಹಾರುವುದು. ನಡುಮಧ್ಯಾಹ್ನ ಕೊಂಬೆಯ ಮೇಲೆ ಸಾಲಾಗಿ ಒರಗಿ ಒಬ್ಬರ ಮೈಯನ್ನು ಇನ್ನೊಬ್ಬರು ಕೆದರುವುದು. ಆಮೇಲೆ ಕತ್ತಲಾಗುವ ಮೊದಲೇ, ಹದ್ದಿಗೂ ಬೆಕ್ಕಿಗೂ ಸುಳಿವು ಸಿಗದಂತೆ, ಪಿಸುಗುಟ್ಟದೆ ಬಳ್ಳಿಗಳ ಸಿಕ್ಕಿನೊಳಗೆ ನುಸುಳಿ, ಎಲ್ಲರೂ ಒಂದೇ ಉಂಡೆಯಾಗಿ ಮಲಗುವುದು. ನಮ್ಮ ಡೈರೆಕ್ಟರಿಗೆ ಈ ಟೈಮ್‌ಟೇಬಲ್ ತೋರಿಸಿದೆ. ಆಕ್ಚುವಲೀ ಅವರು ನಗಲಿಲ್ಲ.

ನನಗೆ ತೀರಾ ಮನಸ್ಸಿಗೆ ಹಿಡಿಸಿದ್ದು ಬೇರೆ. ಈ ಮೀಸೆಯವರು ಒಬ್ಬರೇ ಇರುವುದಿಲ್ಲ. ಬೆನ್ನಿನ ಮೇಲೆ ಕುದುರೆಗೆ ಜೀನು ಹಾಕಿದ ಹಾಗೆ ಬಣ್ಣವಿರುವ ಇನ್ನೊಂದು ಜಾತಿಯ ಟ್ಯಾಮರಿನ್ ಇದೆ. ಎರಡೂ ಜಾತಿ ಒಟ್ಟಿಗೆ ತಿರುಗುತ್ತವೆ. ಮೀಸೆಯವರು ಮೇಲಿನ ಕೊಂಬೆಗಳಲ್ಲಿ ಎಲೆ ಮಗುಚುತ್ತಾ, ಜೀನಿನವರು ಕೆಳಗೆ ಕಾಂಡದ ಬಿರುಕುಗಳಲ್ಲಿ ಕೈ ಹಾಕುತ್ತಾ. ಇವರ ಕೂಗು ಬೇರೆ, ಅವರ ಕೂಗು ಬೇರೆ. ಆದರೆ ಇವರು ಕೂಗಿದರೆ ಅವರಿಗೆ ತಿಳಿಯುತ್ತದೆ, ಅವರು ಕೂಗಿದರೆ ಇವರು ಹುಷಾರಾಗುತ್ತಾರೆ. ಇದನ್ನು ಓದಿ ಮೈ ಪುಲಕಗೊಂಡಿತು. ನಮ್ಮ ಆದೋನಿ ಬಸ್‌ಸ್ಟ್ಯಾಂಡು ಇದೇ ತಾನೆ? ಕನ್ನಡದಲ್ಲಿ ಹೊರಟ ಮಾತು ತೆಲುಗಿನಲ್ಲಿ ಹೋಗಿ ಇಳಿಯುತ್ತದೆ, ನಡುವೆ ಎಲ್ಲೂ ಬಸ್ಸು ಬದಲಾಯಿಸಿದ್ದು ಗೊತ್ತಾಗುವುದಿಲ್ಲ. ಹೊರಗಿನವರು ಬಂದು ‘ನಿಮ್ಮ ಭಾಷೆ ಯಾವುದು?’ ಎಂದು ಕೇಳಿದಾಗ ನಾವು ತಲೆ ಕೆರೆದುಕೊಳ್ಳುತ್ತೇವೆ. ಟ್ಯಾಮರಿನ್‌ಗಳೂ ಹಾಗೇ ಕೆರೆದುಕೊಳ್ಳುತ್ತಿರಬೇಕು, ಹೇನಿಗೆ ಎಂದು ವಿಜ್ಞಾನಿಗಳು ತಪ್ಪು ತಿಳಿದಿದ್ದಾರೆ.

ಈಗ ಎಲ್ಲ ತೊಂದರೆಯ ಬೇರಿಗೆ ಬರೋಣ. ಟ್ಯಾಮರಿನ್ ತಾಯಿಗೆ ಸಾಮಾನ್ಯವಾಗಿ ಅವಳಿ ಮರಿಗಳು. ಅವಳ ಪುಟ್ಟ ಮೈಗೆ ಆ ಎರಡು ಮರಿ ಎಂದರೆ ದೊಡ್ಡ ಹೊರೆ. ಅವನ್ನು ಹೊತ್ತು ಕೊಂಬೆಯಿಂದ ಕೊಂಬೆಗೆ ಹಾರಿ, ಹೊಟ್ಟೆ ತುಂಬಿಸಿಕೊಂಡು, ಹಾಲೂ ಕೊಡು ಎಂದರೆ ಅವಳು ಉಳಿಯುವುದಿಲ್ಲ. ಆದ್ದರಿಂದ ಹೊರುವವನು ಅಪ್ಪ. ಮರಿಗಳು ದಿನವೆಲ್ಲ ಅವನ ಬೆನ್ನಿಗೆ ಜೋತುಬಿದ್ದಿರುತ್ತವೆ; ಹಸಿದಾಗ ಮಾತ್ರ ತಾಯಿಯ ಹತ್ತಿರ, ಕುಡಿದು ಮುಗಿಸಿದ ಕೂಡಲೇ ಮತ್ತೆ ಅಪ್ಪನ ಬೆನ್ನು. ಅವನಿಗೆ ಸಾಕೆನಿಸಿದರೆ ಕೊಂಬೆಗೆ ಮೈ ಉಜ್ಜಿ ‘ಇಳೀರಿ’ ಎನ್ನುತ್ತಾನಂತೆ. ಅಣ್ಣ ಅಕ್ಕಂದಿರೂ ಸರದಿ ಹೊರುತ್ತಾರೆ. ಕೆಲವು ಸಂಸಾರಗಳಲ್ಲಿ ಒಬ್ಬ ಹೆಂಡತಿಗೆ ಇಬ್ಬರು ಗಂಡಂದಿರೂ ಇರುತ್ತಾರೆ, ಇಬ್ಬರೂ ಹೊರುತ್ತಾರೆ. ಈ ಕೊನೆಯ ವಾಕ್ಯವನ್ನು ನಮ್ಮ ಮನೆಯಲ್ಲಿ ಹೇಳುವಾಗ ನಾನು ರೊಟ್ಟಿಯ ಜೊತೆ ನುಂಗಿಕೊಂಡೆ.

ಮನೆಯಲ್ಲಿ ಹೇಳಬೇಕಾದ ಪ್ರಸಂಗ ಯಾಕೆ ಬಂತೆಂದರೆ, ನಮ್ಮ ವದಿನ, ಎಂದರೆ ಅತ್ತಿಗೆ ಲಕ್ಷ್ಮಿ, ತವರು ನಂದವರಂನಲ್ಲಿ ಚೊಚ್ಚಲ ಹೆರಿಗೆ ಮುಗಿಸಿಕೊಂಡು ಆಗಷ್ಟೇ ಮನೆಗೆ ಬಂದಿದ್ದಳು. ಮಡಿಲಲ್ಲಿ ಆರು ತಿಂಗಳು ತುಂಬಿದ ಅವಳಿ. ಒಂದು ಹೆಣ್ಣು, ಒಂದು ಗಂಡು. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದು, ಇಬ್ಬರೂ ಸೇರಿ ತಾಯಿಯನ್ನು ಪಾಳಿಯಲ್ಲಿ ದುಡಿಸುತ್ತಿದ್ದರು. ಅವ್ವನಿಗೆ ಒಲೆ, ಕೊಟ್ಟಿಗೆ, ನೀರು. ನಾನು ಎತ್ತಿಕೊಂಡರೆ ಎರಡೂ ಚೀರುತ್ತಿದ್ದವು, ಏಕೆಂದರೆ ನಾನು ಮಾತಾಡಿಸುವಾಗಲೆಲ್ಲ ಬೇರೆ ಬೇರೆ ಮನುಷ್ಯನಾಗಿರುತ್ತಿದ್ದೆ. ಬಿಸಿ ರೊಟ್ಟಿಯನ್ನು ಬಿಸಿಯಾಗಿರುವಾಗಲೇ ಎರಡೂ ಕೈಯಿಂದ ಮುರಿದು ತಿನ್ನಬೇಕು, ಅಷ್ಟೇ ವದಿನಳ ಆಸೆ. ಈರಣ್ಣನ, ಎಂದರೆ ನಮ್ಮಣ್ಣನ, ಆಸೆ ಇನ್ನೂ ಸಣ್ಣದು: ತನ್ನ ಮಕ್ಕಳನ್ನು ಎತ್ತಿಕೊಳ್ಳಬೇಕು.

ಎತ್ತಿಕೊಳ್ಳಲಿ, ಯಾರು ಬೇಡ ಅಂದರು ಅನ್ನುತ್ತೀರಿ. ನಮ್ಮಂಥ ಹಳೆಯ ಮನೆಗಳಲ್ಲಿ ಗಂಡಸು ತನ್ನ ಅಪ್ಪನ ಎದುರು ತನ್ನ ಕೂಸನ್ನು ಎತ್ತುವುದಿಲ್ಲ. ಅಣ್ಣನ ಕೂಸು ಎತ್ತಬಹುದು, ಪಕ್ಕದ ಮನೆಯದು ಎತ್ತಬಹುದು, ಕುರಿಮರಿ ಎತ್ತಬಹುದು. ತನ್ನದನ್ನು ಮಾತ್ರ ಎತ್ತಬಾರದು. ಎತ್ತಿದರೆ ಹಿರಿಯರ ಮುಂದೆ ಮೆರೆದಾಡಿದ ಹಾಗೆ. ತಾತ, ಎಂದರೆ ನಮ್ಮಪ್ಪ, ಎತ್ತಬಹುದು, ಎತ್ತುತ್ತಿದ್ದ. ಆದರೆ ತಾತ ಹಗಲೆಲ್ಲ ಕುರಿಯ ಹಿಂದೆ. ಮನೆಗೆ ಬಂದರೆ ಮೀಸೆ ಹಿಡಿದು ಎಳೆಯುವಷ್ಟು ಹೊತ್ತು ಮೊಮ್ಮಕ್ಕಳಿಗೆ ಕೊಟ್ಟು, ನಿದ್ದೆ. ಅವನು ಮನೆಯಲ್ಲಿರುವಷ್ಟು ಹೊತ್ತೂ ಈರಣ್ಣ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ತನ್ನ ಮಕ್ಕಳನ್ನು ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮಕ್ಕಳನ್ನು ನೋಡುವಂತೆ ಓರೆಗಣ್ಣಿನಲ್ಲಿ ನೋಡುತ್ತಿದ್ದ.

ಇದನ್ನು ಸರಿಪಡಿಸುವ ಭಾರ ನನ್ನ ಮೇಲೆ, ವಿಜ್ಞಾನದ ಮೇಲೆ ಮತ್ತು ಅಮೆಜಾನಿನ ಮೇಲೆ ಬಿತ್ತು ಎಂದು ನಾನೇ ತೀರ್ಮಾನಿಸಿದೆ. ಎಲ್ಲರೂ ಊಟಕ್ಕೆ ಕೂತಾಗ ಶುರು ಮಾಡಿದೆ.

“ಅಪ್ಪಾ, ಅಮೆಜಾನ್ ಕಾಡಿನ್ಯಾಗ ಥೇಟ್ ನಿನ್ನಂಗ ಮೀಸಿ ಬಿಟ್ಟ ಕೋತಿ ಅದಾವ ನೋಡು.”

ಫೋನು ಮುಂದೆ ಹಿಡಿದೆ. ಅಪ್ಪ ನೋಡಿದ. ವದಿನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಹೂಂ. ಮೀಸಿ ಚಲೋ ಇಟ್ಟಾನ,” ಅಂದ ಅಪ್ಪ. “ಅದಕ್ಕ?”

“ಅವು ಮರೀನ ಅವ್ವನ ಕೊರಳಿಗೆ ಕಟ್ಟಂಗಿಲ್ಲ. ಅಪ್ಪನ ಹೊರತಾನ, ದಿನಾ ಪೂರ್ತಿ. ಹಾಲಿಗಷ್ಟ ಅವ್ವ.”

ಅಪ್ಪ ರೊಟ್ಟಿ ಮುರಿದು, ಪುಂಡಿಪಲ್ಲೆ ಹಚ್ಚಿ, ಅಗಿದು, ನುಂಗಿ, ಆಮೇಲೆ ಕೇಳಿದ. ಅವನ ಹತ್ತಿರ ವಾದ ಮಾಡುವುದರಲ್ಲಿರುವ ಕಷ್ಟವೇ ಇದು. ಅಷ್ಟು ಹೊತ್ತಿಗೆ ಎದುರಿನವನ ಧೈರ್ಯ ಆರಿಹೋಗಿರುತ್ತದೆ.

“ಆ ಹೊರೂ ಕೋತೀಗೆ ಅಪ್ಪ ಇರತಾನಲ್ಲ, ಆ ಮುದುಕ ಎಲ್ಲಿರತಾನ?”

ಈ ಪ್ರಶ್ನೆ ನನ್ನ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ವಿಷಯ ಪ್ರಾಣಿಶಾಸ್ತ್ರದ್ದು, ಅದರ ಕೂಲಿ ತಿನ್ನುವವನು ನಾನು.

“ಭಾಳ ಮಾಡಿ ಅಲ್ಲಿ ಇರಂಗಿಲ್ಲ... ಗಂಡು ದೊಡ್ಡದಾದ ಮ್ಯಾಲ ಬ್ಯಾರೆ ಗುಂಪಿಗೆ ಹೋಗಿ ಸೇರತೈತಿ.”

“ಮತ್ತ! ಅಪ್ಪ ಎದುರಿಗಿಲ್ಲ, ಹೊರತಾನ. ನಮ್ಮ ಈರಣ್ಣ ನಾ ಇಲ್ಲದಾಗ ಹೊರಂಗಿಲ್ಲೇನು? ಕೋತಿಗೂ ಮರ್ಯಾದಿ ತಿಳೀತೈತಿ. ನಿನಗ ತಿಳಿಯವಲ್ದು.”

ಅಣ್ಣನ ಕಿವಿ ಕೆಂಪಾಯಿತು. ನಾನು ಸೋಲುವಾಗ ಇನ್ನೊಂದು ಹೆಜ್ಜೆ ಹೆಚ್ಚು ಇಟ್ಟು ಸೋಲುವವನು. “ಅಲ್ಲಪ್ಪಾ, ಹೊಲದಾಗ ಕುರಿ ಈದ್ರ ಎರಡೆರಡು ಮರಿ ಕಂಬಳಿಯಾಗ ಹಾಕ್ಕೊಂಡು ನೀನ ಹೊರತಿ. ಹಾಲಿಗಷ್ಟ ತಾಯಿ ಹತ್ರ ಬಿಡತಿ. ನೀನೂ ಅದ ಕೋತಿ ಆದಂಗ ಆತಲ್ಲ?”

“ನಾ ಹೊರುವಾಗ ಎದುರಿಗೆ ಟಗರಿನ ಅಪ್ಪ ಕುಂತಿರತಾನೇನಲೇ?”

ಅವ್ವನಿಗೆ ತಡೆಯಲಾಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ನಕ್ಕು ಮುಗಿದ ಮೇಲೆ, ಯಾರಿಗೆ ಎಂದಿಲ್ಲದೆ ಒಲೆಗೆ ಹೇಳಿದಳು: “ನೀವಿಬ್ಬರು ಅಣ್ಣತಮ್ಮ ಹುಟ್ಟಿದಾಗ ಮಾವ ಕಟ್ಟಿ ಮ್ಯಾಲ ಕುಂತಿರತಿದ್ರು. ನಿಮ್ಮಪ್ಪ ಒಂದು ದಿನಾನೂ ಎತ್ತಲಿಲ್ಲ. ನೀವು ಮಲಗಿದ್ದಾಗ ಬಂದು ಅಂಗಾಲು ಮುಟ್ಟಿ ಹೋಗತಿದ್ದ, ಕಳ್ಳನಂಗ.”

ಅಪ್ಪ ಮೀಸೆಗೆ ಅಂಟಿದ ಪಲ್ಲೆಯನ್ನು ಒರೆಸಿಕೊಳ್ಳುವುದರಲ್ಲಿ ಬಹಳ ಹೊತ್ತು ಕಳೆದ.

ನಾನು ಸೋತೆ, ಆದರೆ ಆ ಸೋಲಿನಲ್ಲಿ ಒಂದು ಸಂಗತಿ ಕೈಗೆ ಸಿಕ್ಕಿತು. ‘ನಾ ಇಲ್ಲದಾಗ ಹೊರಂಗಿಲ್ಲೇನು’ ಅಂದನಲ್ಲ, ಅಂದರೆ ಅಪ್ಪನಿಗೆ ಎಲ್ಲ ಗೊತ್ತು. ಆಗ ಅವನ ಕೆಮ್ಮಿನ ಅರ್ಥ ಹೊಳೆಯಿತು. ಅಪ್ಪ ಮನೆಗೆ ಬರುವಾಗ ಬೇವಿನ ಮರದ ಹತ್ತಿರ ಬಂದ ಕೂಡಲೇ ಕೆಮ್ಮುತ್ತಾನೆ. ಒಂದು ಉದ್ದದ್ದು, ಎರಡು ಗಿಡ್ಡದ್ದು, ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಒಂದು ಗೊರಗೊರ. ಆಮೇಲೆ ಚಪ್ಪಲಿ ಬಿಡುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ಊರಿನ ಹಿರಿಯರೆಲ್ಲ ಒಳಗೆ ಬರುವ ಮುನ್ನ ಕೆಮ್ಮುತ್ತಾರೆ, ಆದರೆ ಅವಳಿ ಮನೆಗೆ ಬಂದ ಮೇಲೆ ಅಪ್ಪನ ಕೆಮ್ಮು ಇನ್ನೂ ದೂರದಿಂದ ಹೊರಡುತ್ತಿತ್ತು, ಇನ್ನೂ ಉದ್ದವಾಗಿತ್ತು. ಮಗನಿಗೆ ಮಕ್ಕಳನ್ನು ಕೆಳಗಿಳಿಸುವಷ್ಟು ಸಮಯ ಕೊಡುವ ಕೆಮ್ಮು ಅದು. ಕಟ್ಟಳೆ ಮುರಿಯದೆ ಕಟ್ಟಳೆಯ ಕೆಳಗೆ ಅಪ್ಪ ತೋಡಿಟ್ಟ ಕಿಂಡಿ. ಆ ಕೆಮ್ಮು ಕೇಳುವವರೆಗೂ ಈರಣ್ಣ ಅಪ್ಪಟ ಟ್ಯಾಮರಿನ್: ಒಂದು ಹೆಗಲಿಗೆ ಒಂದು, ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ. ಮಗಳು ಕಿವಿ ಹಿಡಿದರೆ ಎಡಕ್ಕೆ ತಿರುಗುತ್ತಿದ್ದ, ಮಗ ಕೂದಲು ಹಿಡಿದರೆ ಬಲಕ್ಕೆ. ಆಗ ವದಿನ ಎರಡೂ ಕೈಯಿಂದ ರೊಟ್ಟಿ ಮುರಿಯುತ್ತಿದ್ದಳು.

ಇಷ್ಟು ಚಂದದ ಏರ್ಪಾಡು ಕಂಡರೆ ಒಳ್ಳೆಯ ಮನುಷ್ಯ ಏನು ಮಾಡುತ್ತಾನೆ? ಸುಮ್ಮನಿರುತ್ತಾನೆ. ನಾನು ಅಪ್ಪನ ಕೆಮ್ಮು ಕಲಿತೆ.

ಸುಲಭವಲ್ಲ, ಹೇಳಿಬಿಡುತ್ತೇನೆ. ಉದ್ದದ್ದು ಹೊಟ್ಟೆಯಿಂದ ಬರಬೇಕು, ಗಿಡ್ಡದ್ದು ಮೂಗಿನ ಹಿಂದಿನಿಂದ. ಗೊರಗೊರಕ್ಕೆ ಬೀಡಿ ಸೇದಿದ ಗಂಟಲು ಬೇಕು, ನಾನು ಚಹಾ ಕುಡಿದು ಕೆಲಸ ಸಾಗಿಸಿದೆ. ಬಸ್ಸಿನಲ್ಲಿ ಅಭ್ಯಾಸ ಮಾಡುವಾಗ ಪಕ್ಕದ ಸೀಟಿನವರು ಎದ್ದು ಹೋದರು. ಆದೋನಿವರೆಗೆ ಕಾಲು ಚಾಚಿ ಕೂತೆ. ಮೊದಲ ಸಲ ಬೇವಿನ ಮರದ ಕೆಳಗೆ ನಿಂತು ಬಿಟ್ಟಾಗ ಒಳಗೆ ಏನಾಯಿತೆಂದು ಕಿಟಕಿಯಿಂದ ನೋಡಿದೆ. ಈರಣ್ಣ ಒಂದು ಕೂಸನ್ನು ವದಿನಳ ತೊಡೆಗೆ, ಇನ್ನೊಂದನ್ನು ಅವ್ವನ ಮೊರಕ್ಕೆ ಸೇರಿಸಿ, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತಿದ್ದ. ಮುಖದಲ್ಲಿ ಎಂಥ ಮುಗ್ಧತೆ! ನಾನು ಒಳಗೆ ಹೋಗಿ ಅಪ್ಪನ ದನಿಯಲ್ಲಿ “ಅಮಾಸಿ ಯಾವಾಗಲೇ?” ಎಂದು ಕೇಳಿದೆ. ಅಟ್ಟಿಸಿಕೊಂಡು ಬಂದ.

ಟ್ಯಾಮರಿನ್‌ಗಳಲ್ಲಿ ಹದ್ದು ಕಂಡರೆ ಒಂದು ಕೂಗು, ನೆಲದ ಮೇಲಿನ ಅಪಾಯಕ್ಕೆ ಇನ್ನೊಂದು. ಹದ್ದಿನ ಕೂಗು ಕೇಳಿದರೆ ಯೋಚನೆ ಇಲ್ಲ, ಇದ್ದವರು ಇದ್ದಲ್ಲಿಂದ ಎಲೆಗಳ ಒಳಕ್ಕೆ ಧುಮುಕುತ್ತಾರೆ. ಆ ಕೂಗಿನ ಮೇಲೆ ಎಲ್ಲರಿಗೂ ನಂಬಿಕೆ ಇರುವುದರಿಂದಲೇ ಬೆನ್ನಿನ ಮೇಲಿನ ಮರಿ ಬದುಕುತ್ತದೆ. ಬರೀ ನಗುವುದಕ್ಕೆಂದು ಹಾಗೆ ಕೂಗುವ ಟ್ಯಾಮರಿನ್ ಬಗ್ಗೆ ನಾನು ಎಲ್ಲೂ ಓದಿಲ್ಲ. ಅಷ್ಟು ಬುದ್ಧಿ ಬೆಳೆಯಲು ಅವುಗಳಿಗೆ ಇನ್ನೂ ಕಾಲ ಬೇಕು, ಡಿಗ್ರಿ ಬೇಕು. ನಾನಂತೂ ವಾರದ ರಜೆಯಲ್ಲಿ, ಸಂಜೆ ಮನೆಗೆ ಬರುವಾಗ, ಹಿತ್ತಲಿನ ಗೋಡೆಯಾಚೆಯಿಂದ, ಸಿಕ್ಕಸಿಕ್ಕಲ್ಲಿ ಕೆಮ್ಮಿದೆ. ಪ್ರತಿ ಸಲವೂ ಮಕ್ಕಳು ಕೈಯಿಂದ ಕೈಗೆ ಹಾರಿ, ಬೆದರಿ, ಚೀರಿ, ವದಿನಳ ರೊಟ್ಟಿ ಆರಿತು. ಕೊನೆಗೆ ಅವಳು ಲಟ್ಟಣಿಗೆ ಹಿಡಿದು ಬಾಗಿಲಿಗೆ ಬಂದಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಸಾಲುವುದಿಲ್ಲ.

“ಏಮಯ್ಯಾ ಮರಿದೀ, ಸಿಗ್ಗು ಲೇದಾ ನೀಕು? ನಿನಗ ಎರಡು ಹುಟ್ಟಲಿ, ಅಲ್ಲ, ಮೂರು ಹುಟ್ಟಲಿ! ಆವಾಗ ನಾನು ಬಂದು ನಿನ್ನ ಬಾಗಿಲ ಮುಂದ ಕೆಮ್ಮತೀನಿ, ಚೂಡು!”

ಮೈದುನನಿಗೆ ನಾಚಿಕೆ ಇಲ್ಲವೇ ಎಂಬುದು ಅದರ ಅರ್ಥ. ಇರಲಿಲ್ಲ. ಅವಳು ಬೈದ ಆ ಧಾಟಿಯನ್ನೂ ಕಲಿತುಕೊಂಡೆ. ಈರಣ್ಣ ಮಾತ್ರ ಬೈಯಲಿಲ್ಲ. ಮಗನನ್ನು ಹೆಗಲಿಗೆ ಸರಿಯಾಗಿ ಏರಿಸಿಕೊಂಡು, “ಇನ್ನ ಮ್ಯಾಲ ನೀ ಕೆಮ್ಮಿ ಸತ್ತರೂ ನಾ ಇಳಿಸಂಗಿಲ್ಲ” ಅಂದ.

ಆಮೇಲೆ ಆ ಭಾನುವಾರ ಬಂತು.

ಅಪ್ಪ ಸಾಯಂಕಾಲಕ್ಕೆ ಬರಬೇಕಾದವನು ನಡುಮಧ್ಯಾಹ್ನವೇ ಬಂದ. ಹೊಲದಲ್ಲಿ ಕುರಿಯೊಂದು ಈದು, ಮರಿ ನಿಲ್ಲಲಾರದೆ ಹೋಗಿದ್ದರಿಂದ ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದ. ನಾನು ಬೇವಿನ ಕೆಳಗೆ ಹೊರಸಿನ ಮೇಲೆ ಬಿದ್ದುಕೊಂಡಿದ್ದೆ. ಅಪ್ಪ ಮರದ ಹತ್ತಿರ ನಿಂತು ರೂಢಿಯಂತೆ ಕೆಮ್ಮಿದ. ಒಂದು ಉದ್ದ, ಎರಡು ಗಿಡ್ಡ, ಗೊರಗೊರ. ಒಳಗಿನಿಂದ ಈರಣ್ಣನ ಹಾಡು ಕೇಳುತ್ತಿತ್ತು, ಮಕ್ಕಳ ಕೇಕೆ ಕೇಳುತ್ತಿತ್ತು. ನಿಲ್ಲಲಿಲ್ಲ. ಅಪ್ಪ ಚಪ್ಪಲಿ ಬಿಟ್ಟ. ಮತ್ತೆ ಹಾಕಿಕೊಂಡ. ಮತ್ತೆ ಕೆಮ್ಮಿ ಮತ್ತೆ ಬಿಟ್ಟ. ಒಳಗೆ ಹಾಡು ಇನ್ನೂ ಏರಿತು. ನೆಲ ಸುಡುತ್ತಿತ್ತು, ಅಪ್ಪ ಕಾಲು ಬದಲಿಸುತ್ತಾ ನಿಂತ. ಒಳಗೆ ಹೋದರೆ ಮಗ ತಲೆ ತಗ್ಗಿಸುತ್ತಾನೆ, ಹೋಗದಿದ್ದರೆ ಅಂಗಾಲು ಬೇಯುತ್ತದೆ. ಮಗನ ಮರ್ಯಾದೆ ಉಳಿಸಲು ಅವನು ಅಷ್ಟು ಜೋರಾಗಿ ಕೆಮ್ಮಿದನೆಂದರೆ ನಿಜವಾದ ಕೆಮ್ಮೇ ಹತ್ತಿಕೊಂಡಿತು.

ಹಿತ್ತಲಿನಿಂದ ಅವ್ವ ತಂಬಿಗೆ ಹಿಡಿದು ಓಡಿ ಬಂದಳು. “ಏನಾತ್ರೀ? ಎದಿ ಹಿಡಕೊಂತೇನು?”

ಅಪ್ಪ ನೀರು ಕುಡಿದು, ಬಾಗಿಲಿನ ಕಡೆ ನೋಡಿ, ನನ್ನ ಕಡೆ ನೋಡಿದ. ಇನ್ನು ತಡೆಯಲಾರದೆ ನಾನು ಕೂಗಿದೆ: “ಅಣ್ಣಾ! ಅಪ್ಪ ಬಂದಾನೋ!”

“ಗೊತ್ತೈತಿ ಬಿಡಲೇ,” ಒಳಗಿನಿಂದ ಉತ್ತರ ಬಂತು. “ಎಷ್ಟು ಬೇಕು ಅಷ್ಟು ಕೆಮ್ಮು.”

ಅಪ್ಪ ಹೊಸ್ತಿಲ ಹತ್ತಿರ ಹೋಗಿ ತಾನೇ ಕರೆದ. “ಈರಣ್ಣಾ.”

“ಭಲೇ ಮಂಗ್ಯಾ! ದನೀನೂ ಬಂತಲ್ಲೋ!” ಈರಣ್ಣ ನಗುತ್ತಿದ್ದ. “ಆದ್ರ ಒಂಚೂರು ತಪ್ಪೈತಿ ನೋಡು. ಅಪ್ಪ ನನ್ನ ಇಷ್ಟು ಮೆತ್ತಗ ಯಾವತ್ತೂ ಕರದಿಲ್ಲ. ಇನ್ನೂ ಬಿರುಸಾಗಿ ಒದರು.”

ಅವ್ವನ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ನಾನು ಹೊರಸಿನ ಹಗ್ಗದ ಸಂದಿನಲ್ಲಿ ಇಳಿದುಹೋಗುವ ದಾರಿ ಹುಡುಕಿದೆ. ಎಲ್ಲರ ದನಿಯನ್ನೂ ಕದ್ದವನಿಗೆ ಅಪ್ಪನಲ್ಲಿ ಈ ಇನ್ನೊಂದು ದನಿ ಇದೆ ಎಂದು ಗೊತ್ತಿರಲಿಲ್ಲ. ಅಣ್ಣನಿಗೂ ಗೊತ್ತಿರಲಿಲ್ಲ. ಅದನ್ನು ಮೊದಲ ಸಲ ಕೇಳಿದವನು ಅದು ನಕಲಿ ಅಂದುಕೊಂಡ.

ಅಪ್ಪ ಇನ್ನು ಕೆಮ್ಮಲಿಲ್ಲ. ಹೊಸ್ತಿಲು ದಾಟಿದ. ನಾವು ಹಿಂದೆ ಹೋದೆವು. ಒಳಗೆ ವದಿನ ಗೋಡೆಗೆ ಒರಗಿ, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು, ಬಾಯಿ ತುಂಬಿಕೊಂಡು ಕೂತಿದ್ದಳು. ಸೆರಗೆಳೆಯಲು ಕೈ ಖಾಲಿ ಇರಲಿಲ್ಲ, ಹಾಗೇ ಎದ್ದು ನಿಂತಳು. ನಡುವೆ ಈರಣ್ಣ, ಎಡ ಹೆಗಲ ಮೇಲೆ ಮಗಳು, ಬಲ ಹೆಗಲ ಮೇಲೆ ಮಗ. ಅವನ ಮುಖದ ಬಣ್ಣ ಇಳಿಯಿತು. ಮಕ್ಕಳನ್ನು ಇಳಿಸಲು ಬಗ್ಗಿದ. ಆದರೆ ಎರಡೂ ತಾತನನ್ನು ಕಂಡು ಕುಣಿಯುತ್ತಾ ಈರಣ್ಣನ ಕೂದಲನ್ನು ಇನ್ನೂ ಗಟ್ಟಿಯಾಗಿ ಹಿಡಿದಿದ್ದವು, ಬಿಡಲಿಲ್ಲ. ಅರ್ಧ ಬಗ್ಗಿದವನು ಅರ್ಧದಲ್ಲೇ ಉಳಿದ. ಕಂಬಳಿಯ ಮರಿ ಒಮ್ಮೆ ಅರಚಿತು.

ನಾನು ಮುಂದೆ ಬಂದೆ. ಜೀವಮಾನದಲ್ಲಿ ಮೊದಲ ಸಲ ಯಾರದೂ ಅಲ್ಲದ ದನಿಯಲ್ಲಿ ಹೇಳಿದೆ, “ಅಪ್ಪಾ, ತಪ್ಪು ಅಣ್ಣಂದಲ್ಲ. ನಾನ ನಿನ್ನ ಕೆಮ್ಮು ಕದ್ದು ದಿನಾ ಇವರನ್ನ ಬೆದರಸ್ತಿದ್ದೆ.”

ಅಪ್ಪ ಕಂಬಳಿಯಿಂದ ಕುರಿಮರಿಯನ್ನು ತೆಗೆದು ನನ್ನ ತೋಳಿಗೆ ಹಾಕಿದ. ಆಮೇಲೆ ಸೊಸೆಯ ಕಡೆ, ಮಗನ ಕಡೆ, ಕೊನೆಗೆ ನನ್ನ ಕಡೆ ತಿರುಗಿದ.

“ಲಕ್ಷ್ಮೀ, ನೀ ಕೂಡವ್ವಾ, ರೊಟ್ಟಿ ಆರತೈತಿ. ಈರಣ್ಣಾ, ಹುಡುಗೀನ ಇತ್ತ ಕೊಡು; ಹುಡುಗ ಅಲ್ಲೇ ನಿನ್ನ ಹೆಗಲ ಮ್ಯಾಲ ಇರಲಿ. ಮತ್ತ ನೀನು, ಆ ಕೆಮ್ಮು ನೀನ ಇಟ್ಕೋ ಮಗನ, ನನಗ ಇನ್ನ ಬೇಕಾಗಂಗಿಲ್ಲ.”